ಉಬ್ಬರದ ಕರಟ

ಶುಕ್ರವಾರ ಕೆಲಸದ ಗಂಟೆ ಮುಗಿಯುವುದೇ ತಡ, ಸುವಾ ಬಂದರಿನಲ್ಲಿ, ದ್ವೀಪದಿಂದ ದ್ವೀಪಕ್ಕೆ ಹಡಗು ಓಡಿಸುವ ಕಂಪನಿಯೊಂದರ ಸರಕು ಶೆಡ್ಡಿನಲ್ಲಿ ಚಾಪೆ ಹಾಸುತ್ತಿದ್ದರು. ನಡುವೆ ಮರದ ದೊಡ್ಡ ಬೋಗುಣಿ, ತಾನೋಆ. ತುಸು ಅಮಲು ತರುವ ಯಂಗೋನಾ ಬೇರಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಕಿವುಚಿದರೆ ಹಬ್ಬ ಶುರು. ತೆಂಗಿನ ಕರಟ ಕೈಯಿಂದ ಕೈಗೆ ಹೋಗುತ್ತಿತ್ತು, ಕುಡಿದವನಿಗೆ ಎಲ್ಲರ ಚಪ್ಪಾಳೆ, ಆಮೇಲೆ ಹಾಡು, ಹರಟೆ. ಆ ತಾನೋಆವನ್ನು ಕೆತ್ತಿದ್ದು ಆಕೋಸಿತಾಳ ಅಪ್ಪ, ಅದೇ ಕಂಪನಿಯಲ್ಲಿ ಬಡಗಿಯಾಗಿದ್ದವನು. ಅವನು ತೀರಿಕೊಂಡು ವರ್ಷಗಳಾಗಿದ್ದವು. ಈಗ ಅಲ್ಲಿನ ಸಿಬ್ಬಂದಿಯ ಉಸ್ತುವಾರಿ ನೋಡುವ ಆಕೋಸಿತಾ ಶುಕ್ರವಾರ ಬಂತೆಂದರೆ ಆ ಬೋಗುಣಿಯ ಪಕ್ಕದಲ್ಲೇ ಜಾಗ ಹಿಡಿಯುತ್ತಿದ್ದಳು.

ಆ ಶುಕ್ರವಾರ ಮಾತ್ರ ಚಾಪೆ ಅರ್ಧ ಬಿಚ್ಚಿರುವಾಗಲೇ ಮ್ಯಾನೇಜರ್ ಗೌಂಡರ್ ಶೆಡ್ಡಿಗೆ ನುಗ್ಗಿದರು.

"ಮೋಆಲಾ ದ್ವೀಪಕ್ಕೆ ಹಡಗು ಬಿಡ್ತೀವಿ ಅನ್ನೋದು ನಮ್ಮೊಳಗೇ ಇದ್ದ ಮಾತು. ಈಗ ಎದುರಿನ ಕಂಪನಿಯವ್ರು ನಮಗಿಂತ ಮುಂಚೆ ಅದೇ ದಾರಿಗೆ ಹಡಗು ಬಿಟ್ಟಿದಾರೆ! ಹೆಂಗೆ ಗೊತ್ತಾಯ್ತು ಅವ್ರಿಗೆ? ಕನಸು ಬಿತ್ತಾ?"

ಗೌಂಡರ್ ತಾನೋಆದ ಕಡೆ ಬೆರಳು ಮಾಡಿದರು. "ಎಲ್ಲಾ ಇದ್ರ ಸುತ್ತ ಕೂತಾಗ್ಲೇ ಸೋರೋದು. ಇವತ್ತೇ ಎತ್ತಿಸ್ಬಿಡ್ತೀನಿ."

ಆಕೋಸಿತಾ ಬೋಗುಣಿಗೆ ಅಡ್ಡ ನಿಂತಳು. "ಸಾರ್, ಎತ್ತಿಸಿದ್ರೆ ನಮ್ಮೋರು ಪಕ್ಕದ ಶೆಡ್ಡಿಗೆ ಹೋಗಿ ಕೂತ್ಕೋತಾರೆ. ಮಾತೂ ಜೊತೇಲೇ ಹೋಗುತ್ತೆ."

"ಹಂಗಂತ ಬಾಗಿಲು ತೆಗೆದಿಟ್ಟು ಮಲಗೋಕಾಗುತ್ತಾ? ಮೋಆಲಾ ದಾರಿ ಹೋಯ್ತು, ಅದನ್ನ ನಂಬಿದ್ದ ಹೊಸ ಕೆಲಸಗಳೂ ಹೋದ್ವು. ಅದಕ್ಕೆ ಯಾರು ಹೊಣೆ?"

ಅದೂ ಸುಳ್ಳಲ್ಲವಲ್ಲ. ಆಕೋಸಿತಾ ತಲೆ ಬಗ್ಗಿಸಿದಳು. ಆಮೇಲೆ ಹೇಳಿದಳು, "ಒಂದು ಅವಕಾಶ ಕೊಡಿ ಸಾರ್. ಗುಟ್ಟು ಕಾಯೋದು ಹೆಂಗೆ ಅಂತ ಎಲ್ಲರಿಗೂ ತರಬೇತಿ ಕೊಡ್ತೀನಿ."

"ಕೊಡು. ಆಮೇಲೂ ಒಂದು ಮಾತು ಆಚೆ ಹೋಯ್ತೋ, ಈ ಬೋಗುಣಿ ನಿಮ್ಮನೆಗೆ ಹೊತ್ಕೊಂಡು ಹೋಗು."

ಆಕೋಸಿತಾ ಹಗಲೂ ರಾತ್ರಿ ಕೂತು ಪಾಠ ಸಿದ್ಧಪಡಿಸಿದಳು. ಗೋಡೆಯ ಪರದೆಯ ಮೇಲೆ ಮುಸುಕು ಹಾಕಿದ ಕಳ್ಳರು, ಕಂಪ್ಯೂಟರು, ಬೀಗದ ಚಿತ್ರಗಳು. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಮೇಜಿನ ಮೇಲೆ ಕಾಗದ ಬಿಡಬೇಡಿ. ಎಲ್ಲರೂ ಹೂಂಗುಟ್ಟಿದರು. ಹಿಂದಿನ ಸಾಲಿನಲ್ಲಿ ಕ್ರೇನು ಓಡಿಸುವವನ ಗೊರಕೆ ಹದವಾಗಿ ಕೇಳಿಸುತ್ತಿತ್ತು. ಯಾರದೂ ತಪ್ಪಿಲ್ಲ, ಪಾಠವೇ ಹಾಗಿತ್ತು.

ಎಲ್ಲರೂ ಎದ್ದು ಹೋದ ಮೇಲೂ ಸರಕು ಗುಮಾಸ್ತ ಸಕಿಯೂಸಾ ಬಾಗಿಲಲ್ಲೇ ನಿಂತಿದ್ದ. ಹೆಬ್ಬಾಗಿಲಿನಂಥ ಆಳು, ಅಂದು ಕುಗ್ಗಿಹೋಗಿದ್ದ.

"ಅಕ್ಕ, ನಿನ್ನ ಪಾಠದಲ್ಲಿ ಕಳ್ಳರಿದ್ರು, ಕಂಪ್ಯೂಟರ್ ಇತ್ತು. ನಮ್ ಭಾವ ಮಾತ್ರ ಇರ್ಲಿಲ್ಲ."

"ಯಾವ ಭಾವ?"

"ಎಪರಾಮ. ನಮ್ ಸೋದರಮಾವನ ಮಗ. ಎದುರಿನ ಕಂಪನೀಲಿ ಟಿಕೆಟ್ ಕೊಡ್ತಾನಲ್ಲ, ಪ್ರತಿ ಶುಕ್ರವಾರ ನಮ್ ಜೊತೇನೇ ಬಂದು ಕೂರ್ತಾನಲ್ಲ, ಅವ್ನೇ. 'ನಿಮ್ ಹಡಗು ಮೋಆಲಾ ಮುಟ್ಟೋಷ್ಟ್ರಲ್ಲಿ ನಮ್ಮಜ್ಜಿ ಈಜ್ಕೊಂಡು ಹೋಗಿ ವಾಪಸ್ ಬಂದಿರ್ತಾಳೆ' ಅಂದ. ಎಲ್ಲಾ ನಕ್ರು. ನಂಗೆ ತಡೀಲಿಲ್ಲ. 'ನೋಡ್ತಾ ಇರು, ಈ ಸಲ ಕ್ರಿಸ್‌ಮಸ್‌ಗೆ ಮೋಆಲಾಗೆ ನಮ್ದೇ ಹಡಗು' ಅಂದ್ಬಿಟ್ಟೆ." ಅವನ ಕಣ್ಣು ತುಂಬಿತು. "ದುಡ್ಡಿಗೆ ಮಾರಿಲ್ಲ ಅಕ್ಕ, ನಮ್ಮಪ್ಪನಾಣೆ."

"ಸುಮ್ನೆ ಇರ್ಬೋದಿತ್ತಲ್ಲೋ?"

"ಭಾವನ ಮುಂದೆ ಸುಮ್ನಿರೋದಾ?"

ಅದು ಆಕೋಸಿತಾಳಿಗೂ ಗೊತ್ತಿದ್ದದ್ದೇ. ಅವರ ನಾಡಿನಲ್ಲಿ ಸೋದರತ್ತೆ ಸೋದರಮಾವಂದಿರ ಮಕ್ಕಳ ನಡುವೆ ಗೇಲಿಗೆ ಮಿತಿಯಿಲ್ಲ. ಭಾವ ಅಂಗಿ ಬೇಕೆಂದರೆ ಬಿಚ್ಚಿ ಕೊಡಬೇಕು. ಕಾಲೆಳೆದರೆ ನಗುತ್ತಾ ಎಳೆಸಿಕೊಂಡು ತಿರುಗಿ ಎಳೆಯಬೇಕು. ಮುಖ ಊದಿಸಿಕೊಂಡು ಕೂರುವುದೊಂದು ಮಾತ್ರ ಕೂಡದು. ತನ್ನ ಪಾಠವೋ, ಬಾಯಿ ಮುಚ್ಚಿಕೊಂಡಿರಿ ಎಂದು ಹೇಳಿತ್ತು. ಅದು ಈ ಜನರ ಕೈಲಾಗದ ಕೆಲಸ. ಹಾಗಾದರೆ ಬಾಯಿ ಬಿಟ್ಟುಕೊಂಡೇ ಗುಟ್ಟು ಕಾಯುವುದನ್ನು ಕಲಿಸಬೇಕು ಅನ್ನಿಸಿದ್ದೇ ಅವಳಿಗೆ ನಗು ಬಂತು. ಅಂದೇ ಪರದೆ ಸುತ್ತಿಟ್ಟಳು.

ಎರಡನೆಯ ತರಬೇತಿ ಶೆಡ್ಡಿನಲ್ಲೇ ನಡೆಯಿತು, ಚಾಪೆಯ ಮೇಲೆ, ತಾನೋಆದ ಸುತ್ತ.

"ಆಟ ಇಷ್ಟೇ," ಎಂದಳು ಆಕೋಸಿತಾ. "ಒಬ್ರ ಕಿವೀಲಿ ನಾನೊಂದು ಸುಳ್ಳು ಗುಟ್ಟು ಹೇಳ್ತೀನಿ. ಎದುರಿಗೆ ಕೂತೋರು ಭಾವ ಆಗಿ ಕೆಣಕ್ಬೇಕು. ಸುಮ್ನಿದ್ರೂ ಸೋತಂಗೆ, ಗುಟ್ಟು ಬಿಟ್ರೂ ಸೋತಂಗೆ. ಗೇಲಿಗೆ ಗೇಲೀಲೇ ಉತ್ತರ ಕೊಡ್ಬೇಕು. ಸೋತೋರಿಗೆ ಉಬ್ಬರ!"

ಶೆಡ್ಡಿನಲ್ಲಿ ಹೋ ಎಂದು ಕೂಗೆದ್ದಿತು. ಅರ್ಧ ಕರಟಕ್ಕೆ ಅವರು ಇಳಿತ ಅನ್ನುತ್ತಾರೆ, ಅಂಚಿನವರೆಗೆ ತುಂಬಿದರೆ ಉಬ್ಬರ. ಕ್ರೇನಿನವನು ಮೊದಲನೇ ಏಟಿಗೇ ಗುಟ್ಟು ಉಗುಳಿ ಉಬ್ಬರ ಕುಡಿದ. ಆಮೇಲೆ ಒಬ್ಬೊಬ್ಬರೇ ಪಳಗಿದರು. ಅಡುಗೆಯ ಉನಾಇಸಿಯನ್ನು ಎಷ್ಟು ಕೆಣಕಿದರೂ ಅವಳು ಕೆಣಕಿದವನ ಹೆಂಡತಿಯ ಸುದ್ದಿ ಎತ್ತಿ ಅವನನ್ನೇ ಬೆವರಿಸಿದಳು. ಇವರಿಗೆ ಕಲಿಸಬೇಕಾದ್ದು ತೀರಾ ಕಡಿಮೆ ಎಂದು ಆಕೋಸಿತಾಳಿಗೆ ಆಗ ಹೊಳೆಯಿತು.

ಪಾಠ ಹೇಗೆ ನಡೆದಿದೆಯೆಂದು ನೋಡಲು ಬಂದ ಗೌಂಡರ್ ಬಾಗಿಲಲ್ಲೇ ನಿಂತು ಮುಖ ಸಿಂಡರಿಸಿದರು. "ಇದು ತರಬೇತೀನಾ?"

"ಶೂ ಬಿಚ್ಚಿ ಸಾರ್, ಕೂತ್ಕೊಳ್ಳಿ. ನಿಮ್ಗೂ ಒಂದು ಸರದಿ ಇದೆ."

ಎಲ್ಲರ ಕಣ್ಣೂ ತಮ್ಮ ಮೇಲಿರುವುದನ್ನು ಕಂಡು ಅವರು ಗೊಣಗುತ್ತಲೇ ಕೂತರು. ಎದುರಿಗೆ ಸಕಿಯೂಸಾ. ಅವನು ಗಂಟಲು ಸರಿಮಾಡಿಕೊಂಡ.

"ಸಾರ್... ಅಲ್ಲಲ್ಲ, ಭಾವ! ನಿಮ್ ಹಡಗಿನ ಇಂಜಿನ್ನು ಕೆಮ್ಮೋ ಸದ್ದಿಗೆ ನಮ್ಮೂರಲ್ಲಿ ಮೀನೆಲ್ಲಾ ದಡ ಹತ್ತಿ ಕೂರ್ತವಂತೆ, ಹೌದಾ?"

"ಕೆಮ್ಮೋದು? ನಮ್ ಇಂಜಿನ್ನು?" ಗೌಂಡರ್ ಕಿವಿ ಕೆಂಪಾಯಿತು. "ಮುಂದಿನ ತಿಂಗಳು ಜಪಾನಿಂದ ಹೊಸ ಇಂಜಿನ್ ಬಂದು ಇಳಿಯುತ್ತೆ, ಆಗ ಕೇಳು ನೀನು!"

ಅವರಿಗೆ ಆಕೋಸಿತಾ ಇನ್ನೂ ಸುಳ್ಳು ಗುಟ್ಟನ್ನೇ ಕೊಟ್ಟಿರಲಿಲ್ಲ. ಇದು ಕಂಪನಿಯ ನಿಜವಾದ ಗುಟ್ಟು. ಉನಾಇಸಿ ಕೈಯನ್ನು ಬಾಯಿಗೆ ಒತ್ತಿಕೊಂಡು ಕಿಸಕ್ಕೆಂದಳು. ಅಷ್ಟೇ ಸಾಕಾಯಿತು.

"ಉಬ್ಬರ! ಉಬ್ಬರ!"

ಗೌಂಡರ್ ತುಂಬಿದ ಕರಟವನ್ನು ಒಂದೇ ಉಸಿರಿಗೆ ಕುಡಿದು ಕೆಳಗಿಟ್ಟರು. ಚಪ್ಪಾಳೆ ನಿಂತ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ಬಹಳ ಜನ ನೋಡಿಯೇ ಇರಲಿಲ್ಲ.

"ಬಾಯಿಂದ ಬಿದ್ದಿದ್ದು ನಂಗೇ ಗೊತ್ತಾಗ್ಲಿಲ್ಲ ಕಣ್ರೋ," ಎಂದರು ಕಣ್ಣೊರೆಸಿಕೊಂಡು. ಮತ್ತೆ ಸಕಿಯೂಸಾನ ಕಡೆ ನೋಡಿ ದನಿ ತಗ್ಗಿಸಿದರು. "ಮೋಆಲಾ ಮಾತೂ ಹಿಂಗೇ ಹೋಯ್ತಾ?"

"ಹೌದು ಸಾರ್. ನನ್ನಿಂದ್ಲೇ ಹೋಯ್ತು."

ಗೌಂಡರ್ ಅವನ ಹೆಗಲು ತಟ್ಟಿದರು. "ಸರಿ. ಈಗ ಇಂಜಿನ್ ವಿಷ್ಯ ನಿಮ್ಮೆಲ್ಲರ ಕೈಲಿದೆ. ಕಾಯಿರಿ."

ಶುಕ್ರವಾರ ಎಪರಾಮ ಎಂದಿನಂತೆ ಯಂಗೋನಾ ಬೇರಿನ ಕಟ್ಟೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಒಳ್ಳೆಯವನೇ, ನಾಲಿಗೆ ಮಾತ್ರ ಕತ್ತರಿ. ಎರಡು ಸುತ್ತು ಮುಗಿಯುವಷ್ಟರಲ್ಲಿ ಶುರುವಿಟ್ಟುಕೊಂಡ.

"ಏನ್ ಭಾವ, ನಿಮ್ ಹಡಗಿನ್ನೂ ಉಸಿರಾಡ್ತಾ ಇದ್ಯಾ? ಆ ಇಂಜಿನ್ನ ಮ್ಯೂಸಿಯಮ್ಮಿನವ್ರು ಕೇಳ್ತಿದ್ರಂತೆ!"

ಹಾಡುತ್ತಿದ್ದವರ ಹಾಡು ನಿಂತಿತು. ಆಕೋಸಿತಾ ಅಪ್ಪನ ಬೋಗುಣಿಯ ಅಂಚನ್ನು ಬಿಗಿಯಾಗಿ ಹಿಡಿದಳು. ಇಂಜಿನ್ನಿನ ಮಾತೇ ಬರಬೇಕಿತ್ತೇ! ಮೂಲೆಯಲ್ಲಿ ಶೂ ಬಿಚ್ಚಿ ಕೂತಿದ್ದ ಗೌಂಡರ್ ಚಾಪೆಯನ್ನೇ ನೋಡುತ್ತಿದ್ದರು. ಸಕಿಯೂಸಾ ಕೈಯಲ್ಲಿದ್ದ ಕರಟವನ್ನು ಕೆಳಗಿಟ್ಟ.

"ಹೂಂ ಭಾವ, ಹಳೇದೇ," ಎಂದ ಅವನು ನಿಧಾನವಾಗಿ. "ಬೇಕಂತ್ಲೇ ಮೆಲ್ಲಗೆ ಹೋಗ್ತೀವಿ. ನಾವು ಜೋರಾಗಿ ಹೋದ್ರೆ ನಮ್ಮನ್ನೇ ನೋಡ್ಕೊಂಡು ಹಿಂದೆ ಬರೋ ನಿಮ್ಮೋರಿಗೆ ದಾರಿ ತಪ್ಪೋಗಲ್ವಾ ಪಾಪ?"

ಶೆಡ್ಡಿನ ತಗಡು ನಡುಗುವ ಹಾಗೆ ನಗು ಹೊಮ್ಮಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಎಪರಾಮನೇ. ಆದರೂ ಬಿಡಲಿಲ್ಲ. "ಏನೋ ಮುಚ್ಚಿಡ್ತಿದೀಯ ಭಾವ. ಹೇಳು, ಏನದು?"

"ಇದೆ. ಹತ್ರ ಬಾ, ಹೇಳ್ತೀನಿ."

ಎಪರಾಮ ಕಿವಿ ಒಡ್ಡಿ ಬಗ್ಗಿದ. ಸಕಿಯೂಸಾ ತಾನೋಆದಿಂದ ಕರಟವನ್ನು ಅಂಚಿನವರೆಗೆ ತುಂಬಿ ಅವನ ಮೂಗಿನ ಕೆಳಗೆ ಹಿಡಿದ. "ಉಬ್ಬರ!"

ಭಾವ ಕೊಟ್ಟಿದ್ದನ್ನು ಬೇಡ ಅನ್ನುವುದುಂಟೇ? ಎಪರಾಮ ಕುಡಿದು, ಗದ್ದ ಒರೆಸಿಕೊಂಡು, ಆಕೋಸಿತಾಳ ಕಡೆ ತಿರುಗಿದ. "ತಂಗೀ, ಇವ್ರಿಗೇನೋ ಕಲಿಸಿದೀಯ ನೀನು. ಏನಮ್ಮ ಅದು?"

"ಅದು ಕಂಪನಿ ಗುಟ್ಟು ಅಣ್ಣ," ಎಂದಳು ಆಕೋಸಿತಾ.

ಮೊದಲು ಚಪ್ಪಾಳೆ ತಟ್ಟಿದವರು ಗೌಂಡರ್. ಎಲ್ಲರೂ ಎದ್ದ ಮೇಲೆ ಆಕೋಸಿತಾ ತಾನೋಆವನ್ನು ತೊಳೆದು ಒರೆಸಿದಳು. ಅದನ್ನು ಮನೆಗೆ ಒಯ್ಯಬೇಕಾಗಿರಲಿಲ್ಲ. ಅಪ್ಪ ಶೆಡ್ಡಿನ ಗೋಡೆಗೆ ಹೊಡೆದಿದ್ದ ಅದೇ ಮೊಳೆಗೆ ನೇತುಹಾಕಿ, ದೀಪ ಆರಿಸಿದಳು.