ದೊಡ್ಡ ಕುರ್ಚಿಯ ಮೇಲಿನ ದೀಪ

ಆ ಐಷಾರಾಮಿ ಹೋಟೆಲಿನ ಯಜಮಾನರಿಗೆ ಪರಿಸರ ಉಳಿಸುವ ಹುಚ್ಚು ಹತ್ತಿದ ಮೇಲೆ ಅಲ್ಲಿ ಸುಮ್ಮನೆ ಕೂರುವುದೇ ಅಪರಾಧವಾಯಿತು. ಸುಮ್ಮನೆ ಕೂತರೆ ದೀಪ ಆರುತ್ತಿತ್ತು. ಪ್ರತಿ ಕೋಣೆಯ ಚಾವಣಿಯಲ್ಲೂ ಅಂಗಿಯ ಗುಂಡಿಯಷ್ಟು ಗಾತ್ರದ ಒಂದು ಕಣ್ಣು ಕೂರಿಸಿದ್ದರು. ಕೆಳಗೆ ಯಾರೂ ಅಲುಗಾಡದಿದ್ದರೆ ಕೋಣೆ ಖಾಲಿ ಎಂದು ತಾನೇ ತೀರ್ಮಾನಿಸಿ ಅದು ಕತ್ತಲೆ ಮಾಡಿಬಿಡುತ್ತಿತ್ತು. ಸ್ನಾನದ ನೀರೂ ಅಷ್ಟೇ, ನಡುವೆಯೇ ನಿಂತುಬಿಡುತ್ತಿತ್ತು. ಕೋಟ್ಯಧೀಶರು ತಲೆ ತುಂಬ ನೊರೆ ಹೊತ್ತು, ಟವೆಲ್ ಸುತ್ತಿಕೊಂಡು ಸ್ವಾಗತದ ಕೌಂಟರಿಗೆ ಇಳಿದು ಬರುತ್ತಿದ್ದರು. ಕಾಗದದ ಸ್ಟ್ರಾ ಕರಗಿ ಜ್ಯೂಸಿನ ಪಾಲಾಗುತ್ತಿತ್ತು. ಯಜಮಾನರು ಇದನ್ನೆಲ್ಲ ಭೂಮಿಯ ಸೇವೆ ಎನ್ನುತ್ತಿದ್ದರು. ಬೈಗುಳ ತಿನ್ನುವ ಸೇವೆ ಮಾತ್ರ ಕೌಂಟರಿನವನದು.

ದೀಪ ಆರದಿರಲೆಂದು ಹೋಟೆಲಿನವರೆಲ್ಲ ಮಾತಿನ ಮಧ್ಯೆ ಆಗಾಗ ಕೈಯೆತ್ತಿ ಬೀಸುವುದನ್ನು ರೂಢಿಸಿಕೊಂಡಿದ್ದರು. ಕೊನೆಕೊನೆಗೆ ಬೀಸಿದ್ದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಕೌಂಟರಿನವ ಒಮ್ಮೆ ರಸ್ತೆ ಬದಿಯಲ್ಲಿ ಏನೋ ಯೋಚಿಸುತ್ತ ಕೈ ಬೀಸಿದ್ದಕ್ಕೆ ಬಸ್ಸು ನಿಂತಿತು. ನಿಲ್ಲಿಸಿದ ತಪ್ಪಿಗೆ ನಾಚಿಕೊಂಡು ಹತ್ತಿ, ತನಗೆ ಬೇಡದ ಬಡಾವಣೆಯನ್ನು ಪೂರ್ತಿ ಸುತ್ತಿ ಬಂದ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವನ ಕೈ ಎದ್ದರೆ ಅವನಮ್ಮ ಬೆಚ್ಚಿ ಹಿಂದೆ ತಿರುಗಿ ನೋಡುತ್ತಿದ್ದಳು. "ಯಾರನ್ನೋ ಕರೀತಿರೋದು? ಮೊದಲೇ ಹೇಳಿದ್ರೆ ಇನ್ನೊಂದು ತಟ್ಟೆ ಇಡ್ತಿದ್ನಲ್ಲ!"

ಇಂಥವನಿಗೆ ಅದೇ ಹೋಟೆಲಿನಲ್ಲಿ ಕೇಕ್ ಮಾಡುವವಳ ಮೇಲೆ ಪ್ರೀತಿ. ಅವಳಿಗೂ ಇವನೆಂದರೆ ಪ್ರಾಣ. ಅಡ್ಡ ಇದ್ದದ್ದು ಅವಳ ಅಪ್ಪ ಒಬ್ಬರೇ. ಅವರು ನಿವೃತ್ತ ಟ್ರಾಫಿಕ್ ಪೊಲೀಸ್. ಆಯುಷ್ಯವೆಲ್ಲ ನಡುರಸ್ತೆಯಲ್ಲಿ ನಿಂತು, ಕೈ ಎತ್ತಿ ಲಾರಿಗಳನ್ನು ನಿಲ್ಲಿಸಿದವರು.

"ನಾಳೆ ಮಧ್ಯಾಹ್ನ ಅಪ್ಪ ನಿನ್ನ ನೋಡೋಕೆ ಇಲ್ಲಿಗೇ ಬರ್ತಾರೆ," ಎಂದಳು ಅವಳು, ಕೈ ಬೀಸುತ್ತ. "ದಮ್ಮಯ್ಯ ಅಂತೀನಿ, ಕೈ ಮಾತ್ರ ಎತ್ತಬೇಡ. ಕೈ ಎತ್ತಿದ್ರೆ ಅದಕ್ಕೊಂದು ಅರ್ಥ ಇರಬೇಕು ಅನ್ನೋರು ಅವರು. ಹೋದ ಸಲ ಬಂದ ಹುಡುಗ ಮಾತಾಡ್ತಾ ಕೈಯಾಡಿಸಿದ ಅಂತ ಬಾಗಿಲಿಂದಲೇ ವಾಪಸ್ ಕಳಿಸಿದ್ರು."

"ಎತ್ತಲ್ಲ ಬಿಡು," ಎಂದ ಅವನು, ಕೈ ಎತ್ತಿಕೊಂಡೇ.

ಮರುದಿನ ಖಾಲಿ ಸಿಕ್ಕಿದ್ದು ನೆಲಮಾಳಿಗೆಯ ಮೀಟಿಂಗ್ ಕೋಣೆ ಒಂದೇ. ಅದಕ್ಕೆ ಕಿಟಕಿ ಇಲ್ಲ. ಸಾಲದ್ದಕ್ಕೆ ಅಲ್ಲಿನ ಚಾವಣಿಯ ಕಣ್ಣಿಗೆ ಮೇಜಿನ ತುದಿಯ ದೊಡ್ಡ ಕುರ್ಚಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅದರಲ್ಲಿ ಕೂತವರೇ ಎಲ್ಲರ ಪರವಾಗಿ ಕೈ ಬೀಸಬೇಕು. ಯಜಮಾನರು ಕೂಡ ಬೈಯುವುದನ್ನು ನಿಲ್ಲಿಸಿ, ಬೀಸಿ, ಮತ್ತೆ ಬೈಯುತ್ತಿದ್ದರು. ಇದೆಲ್ಲ ಗೊತ್ತಿದ್ದೂ ನಮ್ಮ ಕೌಂಟರಿನವ ಹಿರಿಯರೆಂಬ ಮರ್ಯಾದೆಗೆ ಅವಳ ಅಪ್ಪನನ್ನು ಆ ದೊಡ್ಡ ಕುರ್ಚಿಯಲ್ಲೇ ಕೂರಿಸಿದ. ತಾನು ಎದುರಿಗೆ, ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡು ಕೂತ. ಅವಳು ಅಪ್ಪನಿಗೆಂದು ಮಾಡಿದ ಕೇಕನ್ನು ಕೊನೆಯಲ್ಲಿ ಕೊಡೋಣವೆಂದು ಬಾಗಿಲ ಬಳಿ ನೆಲದ ಮೇಲಿಟ್ಟಿದ್ದಳು.

ಅಪ್ಪ ಕೂತರು. ಕೂತವರು ಅಲುಗಾಡಲಿಲ್ಲ. ಮಾತಾಡುವಾಗಲೂ ಮೀಸೆ ಇದ್ದಲ್ಲೇ ಇತ್ತು.

"ಏನಪ್ಪಾ, ಗಾಡಿ ಓಡಿಸ್ತೀಯಾ?"

"ಸೈಕಲ್ ಸರ್."

"ತಿರುಗೋವಾಗ ಕೈ ತೋರಿಸ್ತೀಯಾ?"

"ತೋರಿಸ್ತೀನಿ ಸರ್. ಅರ್ಥ ಇದ್ದಾಗ ಮಾತ್ರ."

ಅವರ ಮುಖದಲ್ಲಿ ಮೆಚ್ಚುಗೆ ಮೂಡುವುದರಲ್ಲಿತ್ತು. ಅಷ್ಟರಲ್ಲಿ ಹಾಳು ದೀಪ ಆರಿತು.

ಕೌಂಟರಿನವನ ಎರಡೂ ಕೈ ತಾವಾಗಿಯೇ ಮೇಲೆದ್ದು ಕತ್ತಲಲ್ಲಿ ಬೀಸಿದವು. ಏನೂ ಉಪಯೋಗವಾಗಲಿಲ್ಲ.

"ಯಾರದು ದೀಪ ಆರಿಸಿದ್ದು?"

"ಯಾರೂ ಇಲ್ಲ ಸರ್. ಭೂಮಿ ಉಳಿಸ್ತಾ ಇದ್ದೀವಿ."

"ಉಳಿಸಿದ್ದು ಸಾಕು. ಹಾಕು."

"ಸ್ವಿಚ್ ಇಲ್ಲ ಸರ್. ತಾವೇ ಸ್ವಲ್ಪ... ಕೈ ಎತ್ತಿ ಬೀಸಬೇಕು."

"ಯಾರಿಗೆ?"

"ಯಾರಿಗೂ ಅಲ್ಲ ಸರ್. ಸುಮ್ಮನೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮದುವೆಯ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡ.

"ಸುಮ್ಸುಮ್ಮನೆ ಕೈ ಎತ್ತೋನಲ್ಲ ನಾನು," ಎಂದಿತು ಕತ್ತಲೆ. "ಮಗಳೇ, ಬಾಗಿಲು ತೆಗಿ. ಮನೆಗೆ ಹೋಗೋಣ."

ಅವಳು ಏಳುವ ಮೊದಲೇ ಬಾಗಿಲು ತೆರೆಯಿತು. ಹೊರಗಿನ ಮಬ್ಬು ಬೆಳಕಿನಲ್ಲಿ ಚಹಾದ ದೊಡ್ಡ ತಟ್ಟೆ ಹಿಡಿದ ವೇಟರ್ ಕಾಣಿಸಿದ. ಏನೂ ಕಾಣದೆ ಅವನು ಸೀದಾ ಕೇಕಿನ ಮೇಲೆ ಕಾಲಿಡಲು ಹೊರಟಿದ್ದ.

"ನಿಲ್ಲು!"

ದೀಪ ಹೊತ್ತಿಕೊಂಡಿತು. ಅಪ್ಪ ಎದ್ದು ನಿಂತಿದ್ದರು, ಎದೆ ಸೆಟೆದು, ಅಂಗೈ ಮುಂದಕ್ಕೆ ಚಾಚಿ. ವೇಟರ್ ಒಂಟಿ ಕಾಲಲ್ಲಿ ನಿಂತಿದ್ದ, ಇನ್ನೊಂದು ಕಾಲು ಕೇಕಿನಿಂದ ಬೆರಳಷ್ಟು ಮೇಲೆ. ಚಹಾ ಒಂದು ತೊಟ್ಟೂ ಚೆಲ್ಲಿರಲಿಲ್ಲ.

"ನಿಂತ," ಎಂದರು ಅಪ್ಪ ಮೆಲ್ಲಗೆ. "ನೋಡಿದ್ಯಾ ಮಗಳೇ, ನಿಂತ!"

ನಿವೃತ್ತಿಯಾದಂದಿನಿಂದ ಅವರ ಕೈಗೆ ಯಾರೂ ನಿಂತಿರಲಿಲ್ಲ. ಮನೆಯ ಬೆಕ್ಕು ಕೂಡ ಆ ಅಂಗೈ ಕೆಳಗೇ ನುಸುಳಿ ಹೋಗುತ್ತಿತ್ತು. ಕಂಡಕಂಡವರೆಲ್ಲ ಕೈಯಾಡಿಸಿದರೆ ಅವರಿಗೆ ಉರಿಯುತ್ತಿದ್ದದ್ದು ಅದಕ್ಕೇ, ಪಾಪ.

"ದೀಪಾನೂ ನನ್ನ ಕೈಗೇ ಬಂತಾ?"

"ತಮ್ಮ ಕೈಗೇ ಸರ್."

"ಸರ್, ನಾನು ಕಾಲು ಇಳಿಸ್ಲಾ?" ಎಂದ ವೇಟರ್.

"ಇರು."

ಅಪ್ಪ ಮತ್ತೆ ಕೂತು ಕಲ್ಲಾದರು. ದೀಪ ಆರಿತು. ಕೈ ಎತ್ತಿದರು, ಬಂತು. ಇನ್ನೊಮ್ಮೆ ಆರಿತು, ಇನ್ನೊಮ್ಮೆ ಬಂತು. ಅವರ ಕಣ್ಣಲ್ಲಿ ನೀರಾಡಿತು. ಆಮೇಲೆ ವೇಟರನ ಪುಣ್ಯಕ್ಕೆ ಅವನ ನೆನಪಾಗಿ, ಎಡಗೈ ಬೀಸಿ ಅವನಿಗೆ ದಾರಿ ಬಿಟ್ಟರು.

"ಸರ್, ನಮ್ಮ ವಿಷಯ..." ಎಂದ ಕೌಂಟರಿನವ.

ಅಪ್ಪ ಎದ್ದರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಒಂದು ಅಂಗೈ ಚಾಚಿ ಕೋಣೆಯನ್ನೆಲ್ಲ ತಡೆದು ನಿಲ್ಲಿಸಿದರು. ಇನ್ನೊಂದು ಕೈಯನ್ನು ಕೌಂಟರಿನವನಿಂದ ಮಗಳ ಕಡೆಗೆ ನಿಧಾನವಾಗಿ ಬೀಸಿದರು. ಹೋಗಬಹುದು.

ಅವನು ಎದ್ದು ಅವಳತ್ತ ಹೊರಟ. ಅರ್ಧ ದಾರಿಯಲ್ಲಿ, ತನಗೇ ಗೊತ್ತಿಲ್ಲದೆ, ಅವನ ಕೈ ತಲೆಯ ಮೇಲೆದ್ದು ಜೋರಾಗಿ ಬೀಸಿತು. ಅವಳು ಕಣ್ಣು ಮುಚ್ಚಿಕೊಂಡಳು.

"ಆ ಕೈ ಯಾಕಪ್ಪಾ ಎದ್ದಿದ್ದು?" ಎಂದರು ಅಪ್ಪ, ಹುಬ್ಬು ಗಂಟಿಕ್ಕಿ.

"ಈ ಸಲ ಅರ್ಥ ಇದೆ, ಮಾವ," ಎಂದ ಅವನು.