ಹಾಸುಬಟ್ಟೆಯ ಏಳನೆಯ ಹಾಡು

ಒಂದಾನೊಂದು ಕಾಲದಲ್ಲಿ, ಗೋಡೆಗಳಿಗೆ ಇನ್ನೂ ಕಿವಿ ಮೂಡಿರದಿದ್ದಾಗ, ಒಂದೂರಿನಲ್ಲಿ ನುಂಗಣ್ಣ ಅಂತ ಒಬ್ಬನಿದ್ದ. ಅವನಿಗೆ ಅನ್ನ ಬೇಡ, ನೀರು ಬೇಡ, ಹಾಸಿಗೆ ಬೇಡ. ಹಾಡು ಮಾತ್ರ ಬೇಕು. ಅದೂ ಒಂದೇ ಬಾಯಲ್ಲಿರುವ ಹಾಡು. ನೂರು ಬಾಯಲ್ಲಿರುವುದು ಅವನ ಗಂಟಲಲ್ಲಿ ಇಳಿಯುವುದಿಲ್ಲ, ಅಡ್ಡ ಸಿಕ್ಕಿಕೊಳ್ಳುತ್ತದೆ. ಯಾರಾದರೂ ಒಬ್ಬಳೇ ಬಚ್ಚಿಟ್ಟುಕೊಂಡದ್ದಾದರೆ ಗುಳುಂ. ನುಂಗಿದ ಮೇಲೆ ಏನೋ ಕಳೆದುಹೋಗಿದೆ ಅನ್ನುವುದು ಕೂಡ ಆ ಊರಿನಲ್ಲಿ ಯಾರಿಗೂ ನೆನಪಿರುವುದಿಲ್ಲ.

ಇದು ನನ್ನಜ್ಜಿ ಹೇಳುತ್ತಿದ್ದ ಕಥೆ. ನಾನು ಹೊದಿಕೆಯಿಂದ ಮೂಗಷ್ಟೇ ಹೊರಗಿಟ್ಟು, ಅವನು ನೋಡಲು ಹೇಗಿರುತ್ತಾನೆ ಅಂತ ಪ್ರತಿಸಲ ಕೇಳುತ್ತಿದ್ದೆ. ಕೋರೆಹಲ್ಲು, ಕೆಂಗಣ್ಣು, ಏನಾದರೂ ಒಂದು ಸಿಕ್ಕೀತೆಂಬ ಆಸೆ. ಅಜ್ಜಿ ಪ್ರತಿಸಲವೂ ನಿರಾಸೆ ಮಾಡುತ್ತಿದ್ದಳು.

"ನಮ್ಮ ನಿಮ್ಮ ಹಾಗೇ ಇರ್ತಾನೆ ಪುಟ್ಟಿ. ಬಾಗಿಲು ತಟ್ತಾನೆ, ಚಪ್ಪಲಿ ಹೊರಗೆ ಬಿಡ್ತಾನೆ, ಬರ್ಲಾ ಅಂತ ಕೇಳಿ ಒಳಗೆ ಬರ್ತಾನೆ."

ಈಗ ನಾನು ಸಂಗೀತ ಮಾಡುತ್ತೇನೆ, ಮಾಡಿದ್ದನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಬಿಟ್ಟಿಯಾಗಿ ಬಿಡುತ್ತೇನೆ. ಪ್ರತಿ ಹಾಡಿನ ಕೆಳಗೂ ಒಂದೇ ಸಾಲು: ತೆಗೆದುಕೊಳ್ಳಿ, ಹಾಡಿಕೊಳ್ಳಿ, ನನ್ನನ್ನು ಕೇಳಬೇಕಾಗಿಲ್ಲ. ಯಾಕೆ ಹೀಗೆ ಅಂತ ಜನ ಪತ್ರ ಬರೆಯುತ್ತಾರೆ. ಕಲೆ ಎಲ್ಲರ ಸೊತ್ತು, ಸಂಗೀತ ಗಾಳಿಯಿದ್ದ ಹಾಗೆ, ಹೀಗೆ ಕೇಳಲು ಚೆಂದವಾದ ಉತ್ತರಗಳನ್ನು ಕೊಟ್ಟಿದ್ದೇನೆ. ನಿಜವಾದ ಕಾರಣ ಅಷ್ಟು ಚೆಂದವಿಲ್ಲ. ನನಗೆ ಹೆದರಿಕೆ.

ಅಜ್ಜಿ ಹರೆಯದಲ್ಲಿ ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳು. ಒದ್ದೆ ಹಾಸುಬಟ್ಟೆಯನ್ನು ಒಬ್ಬರೇ ಹಿಂಡಲಾಗದು. ಈ ತುದಿಗೊಬ್ಬಳು, ಆ ತುದಿಗೊಬ್ಬಳು ನಿಂತು, ಒಬ್ಬಳು ಎಡಕ್ಕೂ ಇನ್ನೊಬ್ಬಳು ಬಲಕ್ಕೂ ತಿರುಚಬೇಕು. ಕೈ ತಪ್ಪದಿರಲಿ ಅಂತ ಹಾಡು, ಒಟ್ಟು ಏಳು. ಈ ತುದಿಯವಳು ಒಂದು ಸಾಲು ಹಾಡಿ ತಿರುಚುತ್ತಾಳೆ. ಆ ತುದಿಯವಳು ತಿರುಚುತ್ತ ಉತ್ತರ ಕಟ್ಟುತ್ತಾಳೆ. ಈ ತುದಿಯ ಸಾಲು ಯಾವಾಗಲೂ ಅದೇ. ಆ ತುದಿಯ ಉತ್ತರ ಮಾತ್ರ ಪ್ರತಿಸಲ ಹೊಸದು, ಆ ದಿನ ಬಾಯಿಗೆ ಬಂದದ್ದು. ಅಜ್ಜಿಯ ಜೊತೆಗಾತಿಯನ್ನು ಎಲ್ಲರೂ ಆಚೆತುದಿ ಅಂತಲೇ ಕರೆಯುತ್ತಿದ್ದರಂತೆ. ಮೇಸ್ತ್ರಿಯ ಮೂಗು, ಮೇಸ್ತ್ರಿಯ ಅತ್ತೆ, ಮೇಸ್ತ್ರಿಯ ಸೈಕಲ್ಲು, ಯಾವುದನ್ನೂ ಅವಳು ಬಿಟ್ಟವಳಲ್ಲ. ನಕ್ಕು ನಕ್ಕು ಅಜ್ಜಿಯ ಕೈಯಿಂದ ಬಟ್ಟೆ ಜಾರಿದ್ದೂ ಉಂಟು.

ಒಂದು ದಿನ ಕಾರ್ಖಾನೆಯ ಚಿಕ್ಕ ಧಣಿ ರೆಕಾರ್ಡು ಮಾಡುವ ಯಂತ್ರ ತಂದ. ಏಳು ಹಾಡನ್ನೂ ಹಾಡಿಸಿಕೊಂಡು, ಕಾಗದದ ಮೇಲೆ ಇಬ್ಬರ ಹೆಬ್ಬೆಟ್ಟು ಒತ್ತಿಸಿಕೊಂಡ. ಇನ್ನು ಮೇಲೆ ಇವು ನನ್ನವು, ಬೇರೆ ಎಲ್ಲೂ ಹಾಡಕೂಡದು ಎಂದ. ಇಬ್ಬರೂ ಕೊಟ್ಟ ಮಾತಿಗೆ ನಿಂತರು. ಮಾರನೆಯ ದಿನದಿಂದ ಬಾಯಿ ಮುಚ್ಚಿಕೊಂಡೇ ಹಿಂಡಿದರು. ಎರಡು ವರ್ಷದ ಮೇಲೆ ಆಚೆತುದಿ ಹಾಗೆ ಬಾಯಿ ಮುಚ್ಚಿಕೊಂಡೇ ಸತ್ತಳು. ಚಿಕ್ಕ ಧಣಿಯ ರೆಕಾರ್ಡು ಬೀರುವಿನಲ್ಲಿ ಬೂಷ್ಟು ಹಿಡಿದು ಹಾಳಾಯಿತಂತೆ. ಅವನು ಅದನ್ನು ಒಮ್ಮೆಯೂ ಕೇಳಿರಲಿಲ್ಲವಂತೆ.

ಚಿಕ್ಕ ಧಣಿ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂದ ಬೆಳಿಗ್ಗೆ ಅಜ್ಜಿ ನನ್ನ ಕೋಣೆಗೆ ಬಂದು, ನಿನ್ನ ಆ ಮೈಕು ತೆಗಿ ಎಂದಳು. ಏಳನ್ನೂ ಹಾಡುತ್ತೇನೆ, ಏಳನ್ನೂ ಊರೂರಿಗೆ ಹಂಚಬೇಕು, ಒಂದನ್ನೂ ಹಿಡಿದಿಟ್ಟುಕೊಳ್ಳಕೂಡದು, ಒಬ್ಬರಿಗೇ ಅಂತ ಬರೆದುಕೊಡಕೂಡದು. ನಾನು ಆಯಿತೆಂದೆ. ಅವಳ ಕೈಯಲ್ಲಿ ಕೈಯಿಟ್ಟು ಮಾತು ಕೊಟ್ಟೆ.

ನನ್ನ ರೆಕಾರ್ಡಿಂಗ್ ಕೋಣೆಯೆಂದರೆ ಬಟ್ಟೆಯ ಬೀರು. ಕಂಬಳಿ, ಕೋಟುಗಳ ನಡುವೆ ಸ್ಟೂಲು ಹಾಕಿ ಅಜ್ಜಿಯನ್ನು ಕೂರಿಸಿದೆ. ಮೊದಲ ಹಾಡನ್ನು ಮೂರು ದಿನ ಕೂತು ಶುದ್ಧ ಮಾಡಿದೆ. ಫ್ರಿಜ್ಜಿನ ಗುಂಯ್ ತೆಗೆದೆ, ಕೆಮ್ಮು ತೆಗೆದೆ. ಸಾಲು ಸಾಲಿನ ನಡುವೆ ಅಜ್ಜಿ ಸುಮ್ಮನಾಗುತ್ತಿದ್ದಳಲ್ಲ, ಪಾಪ ಮರೆತಿರಬೇಕು ಅಂದುಕೊಂಡು ಆ ಮೌನವನ್ನೆಲ್ಲ ಕತ್ತರಿಸಿ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದೆ. ಕೆಳಗೆ ತೆಳ್ಳಗೆ ಕೀಬೋರ್ಡು ಹಾಸಿದೆ. ಹೀಗೆಯೇ ಆರು ಹಾಡು ಹೊರಗೆ ಹೋದವು. ಸಾವಿರಾರು ಜನ ಕೇಳಿದರು. ಒಂದು ದಿನ ಅಜ್ಜಿಯ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ.

ಅವಳು ಹೆಡ್‌ಫೋನನ್ನು ಮೈಮೇಲೆ ಬಿದ್ದ ಹಾವನ್ನು ಕಿತ್ತೆಸೆಯುವಂತೆ ಕಿತ್ತಳು.

"ಆಚೆತುದಿ ಎಲ್ಲಿ? ಅವಳು ನಿಲ್ಲೋ ಜಾಗ ಎಲ್ಲೋಯ್ತು?"

ಮೌನವೆಂದು ನಾನು ಕತ್ತರಿಸಿದ್ದೆಲ್ಲ ಆ ತುದಿಯವಳ ಪಾಲು. ಯಾರಾದರೂ ಬಂದು ಉತ್ತರ ಕಟ್ಟಲಿ ಅಂತ ಅಜ್ಜಿ ಬಿಟ್ಟಿದ್ದ ಜಾಗ. ಆರು ಹಾಡಿನಲ್ಲೂ ಅದನ್ನು ನಾನೇ ನುಂಗಿ ನೀರು ಕುಡಿದಿದ್ದೆ. ಪುಣ್ಯಕ್ಕೆ ಮೂಲ ಫೈಲುಗಳು ಉಳಿದಿದ್ದವು. ಆ ವಾರವೆಲ್ಲ ಕೂತು, ಕೀಬೋರ್ಡು ಕಿತ್ತುಹಾಕಿ, ಮೌನವನ್ನು ಅಳತೆ ತಪ್ಪದಂತೆ ವಾಪಸು ಇಟ್ಟು, ಆರನ್ನೂ ಮತ್ತೆ ಹೊರಗೆ ಬಿಟ್ಟೆ. ಯಾವ ಯಾವುದೋ ಊರಿನ ಹೆಂಗಸರು ಆ ಜಾಗದಲ್ಲಿ ತಮ್ಮ ಉತ್ತರ ಹಾಡಿ ಕಳಿಸತೊಡಗಿದರು. ಒಬ್ಬಳು ತನ್ನ ಮೇಲಧಿಕಾರಿಯ ಮೂಗನ್ನೂ ತಂದಿದ್ದಳು. ಅಜ್ಜಿ ನಕ್ಕಳು.

ಏಳನೆಯದು ಉಳಿಯಿತು. ಉಳಿಸಿದ್ದು ನಾನು.

ಯಾಕೆಂದರೆ ಅಷ್ಟರಲ್ಲಿ ನಾನೊಂದು ಲೆಕ್ಕ ಹಿಡಿದಿದ್ದೆ. ಮೊದಲ ಹಾಡು ಹಾಡಿ ಬೀರುವಿನಿಂದ ಎದ್ದವಳಿಗೆ ಬಚ್ಚಲುಮನೆಯ ದಾರಿ ತಪ್ಪಿತ್ತು. ಮೂರನೆಯದಾದ ಮೇಲೆ ತಾತನ ಮುಖ ಹೋಯಿತು. ಗೋಡೆಯ ಮೇಲಿನ ಫೋಟೋ ನೋಡಿ, ಯಾರ ಮನೆಯವರು ಇವರು ಎಂದಳು. ಆರನೆಯದಾದ ಮೇಲೆ ಅಮ್ಮನನ್ನು ಅಕ್ಕಾ ಎಂದು ಕರೆಯತೊಡಗಿದಳು. ವಯಸ್ಸಾದ ಮೇಲೆ ಹೀಗೇ ಅಂದರು ಡಾಕ್ಟರು. ಇರಬಹುದು. ಆದರೆ ಅಜ್ಜಿಯ ನೆನಪಿನಲ್ಲಿ ಇನ್ನೂ ಅಲುಗಾಡದೆ ನಿಂತಿದ್ದುದು ಎರಡೇ: ಏಳನೆಯ ಹಾಡು ಮತ್ತು ನಾನು. ಒಂದು ಹೊರಗೆ ಹೋದರೆ ಇನ್ನೊಂದೂ ಹೋಗುತ್ತದೆಂದು ನನಗೆ ಎದೆಯಲ್ಲಿ ಗೊತ್ತಿತ್ತು. ಇವತ್ತು ಹಾಡ್ಲಾ ಅಂತ ಅವಳು ಕೇಳಿದಾಗಲೆಲ್ಲ ಮೈಕು ಕೆಟ್ಟಿದೆ ಎಂದೆ. ನಾಲ್ಕು ತಿಂಗಳು ಮೈಕು ಕೆಟ್ಟೇ ಇತ್ತು.

ಆಗ ಬಂದ ಅವನು. ಬಾಗಿಲು ತಟ್ಟಿದ. ಬೂಟುಗಳನ್ನು ಹೊರಗೆ ಜೋಡಿಸಿಟ್ಟ. ಬರಬಹುದಾ ಎಂದು ಕೇಳಿ ಒಳಗೆ ಬಂದ.

ಹಾಡು ಕೊಳ್ಳುವ ಕಂಪನಿಯವನು. ಕರೆಸಿದ್ದು ಅಮ್ಮ. ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ದುಡಿಯುವ ಅಮ್ಮನಿಗೆ ನನ್ನ ದಾನಧರ್ಮ ಮೊದಲಿನಿಂದಲೂ ಸರಿಬಂದಿರಲಿಲ್ಲ. ಬಿಟ್ಟಿ ಸಿಕ್ಕಿದ್ದನ್ನು ಯಾರು ಜೋಪಾನ ಮಾಡುತ್ತಾರೆ, ಕಂಪನಿಯವರಾದರೆ ಅಜ್ಜಿಯ ದನಿಯನ್ನು ಭದ್ರವಾಗಿ ಇಡುತ್ತಾರೆ ಅನ್ನುವುದು ಅವಳ ವಾದ. ಅದರಲ್ಲಿ ಅಜ್ಜಿಯ ಮೇಲಿನ ಪ್ರೀತಿಯೇ ಇತ್ತು, ಬೇರೇನೂ ಇರಲಿಲ್ಲ. ಅದಕ್ಕೇ ಅವಳ ಜೊತೆ ಜಗಳವಾಡಲು ನನಗೆ ಬಾಯಿ ಬರಲಿಲ್ಲ.

ಅಜ್ಜಿ ಬಂದವನ ಅಂಗಿಯನ್ನು ಕೊರಳಿನಿಂದ ತೋಳಿನವರೆಗೆ ಪರೀಕ್ಷಿಸಿ, ಗಂಜಿ ಜಾಸ್ತಿಯಾಗಿದೆ, ಕತ್ತು ತಿರುಗಿಸೋಕಾಗ್ತಿಲ್ಲ ನೋಡು ಎಂದಳು. ನಿಜಕ್ಕೂ ಅವನು ಕತ್ತು ತಿರುಗಿಸಲಿಲ್ಲ. ನೋಡಬೇಕಾದಾಗ ಇಡೀ ಮೈಯನ್ನೇ ತಿರುಗಿಸುತ್ತಿದ್ದ.

ಅವನ ಮಾತು ಬಹಳ ಮೆದು. ತಮ್ಮ ಸಂಗ್ರಹದಲ್ಲಿ ಇಂಥ ಹಾಡುಗಳು ಲಕ್ಷಗಟ್ಟಲೆ ಇವೆ ಎಂದ. ಅವನ್ನೆಲ್ಲ ಯಾರು ಕೇಳುತ್ತಾರೆಂದು ಕೇಳಿದೆ. ಸದ್ಯಕ್ಕೆ ಯಾರೂ ಇಲ್ಲ, ಅಗತ್ಯ ಬಿದ್ದಾಗ ತೆಗೆಯುತ್ತೇವೆ ಎಂದ. ಆರು ಹಾಡು ಈಗಾಗಲೇ ಹೊರಗಿವೆಯಲ್ಲ ಎಂದೆ.

"ಅವು ನಮಗೆ ಬೇಡಮ್ಮ. ಎಲ್ಲರ ಬಾಯಲ್ಲೂ ಇರೋದನ್ನ ತಗೊಂಡು ನಾವೇನು ಮಾಡೋಣ? ಯಾರೂ ಕೇಳದೇ ಇರೋದು ಒಂದಿದೆಯಲ್ಲ, ಅದು ಸಾಕು."

ಅಷ್ಟು ಹೇಳಿ ಅವನು ಗೋಡೆಯ ಕಡೆ, ಬೀರುವಿನ ಕಡೆ, ಅಜ್ಜಿಯ ಗಂಟಲಿನ ಕಡೆ ಇಡೀ ಮೈ ತಿರುಗಿಸಿ ನೋಡಿದ. ಅಮ್ಮ ಕೆಲಸಕ್ಕೆ ಹೋಗಿದ್ದಳು. ಅವನು ನೀರು ಕೇಳಿದ. ನಾನು ಅಡುಗೆಮನೆಗೆ ಹೋಗಿ ಲೋಟ ತುಂಬಿಸಿ ತರುವಷ್ಟರಲ್ಲಿ ಅಜ್ಜಿಯ ಮಂಚದ ಪಕ್ಕ ಮಂಡಿಯೂರಿ ಕುಳಿತಿದ್ದ. ಎಡಗೈಯಲ್ಲಿ ಬೆರಳಚ್ಚು ತೆಗೆದುಕೊಳ್ಳುವ ಪುಟ್ಟ ಯಂತ್ರ. ಬಲಗೈಯಲ್ಲಿ ಅಜ್ಜಿಯ ಹೆಬ್ಬೆರಳು.

"ಚಿಕ್ಕ ಧಣಿ ಬಂದಿದ್ದಾರೆ ಪುಟ್ಟಿ. ಮತ್ತೆ ಒತ್ತಬೇಕಂತೆ," ಎಂದಳು ಅಜ್ಜಿ. ಮುಖ ಬಿಳಿಚಿಕೊಂಡಿತ್ತು. ಕೈ ಎಳೆದುಕೊಳ್ಳಬಹುದೆಂದು ಅವಳಿಗೆ ಹೊಳೆದಂತಿರಲಿಲ್ಲ.

ಲೋಟ ನನ್ನ ಕೈಯಲ್ಲೇ ಉಳಿಯಿತು. ಒಮ್ಮೆ ಒತ್ತಿದಳೆಂದರೆ ಮುಗಿಯಿತು. ನನ್ನಜ್ಜಿ ಹೆಬ್ಬೆಟ್ಟಿಗೆ ಸಾಯುವವರೆಗೂ ನಿಲ್ಲುವವಳು. ಆಮೇಲೆ ನಾನು ಕಾಲಿಗೆ ಬಿದ್ದರೂ ಹಾಡಳು. ಯಂತ್ರ ಕೀಂ ಎಂದಿತು. ಕೆಂಪು ದೀಪ. ಅವನು ಬೆರಳನ್ನು ಕರವಸ್ತ್ರದಿಂದ ಒರೆಸಿ ಮತ್ತೆ ಒತ್ತಿದ. ಮತ್ತೆ ಕೆಂಪು. ಇನ್ನೊಂದು ಬೆರಳು. ಕೆಂಪು. ಹತ್ತು ಬೆರಳೂ ಆಯಿತು. ವರ್ಷಗಟ್ಟಲೆ ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ನೆಂದು, ಒದ್ದೆ ಬಟ್ಟೆ ತಿರುಚಿ ತಿರುಚಿ ಅಜ್ಜಿಯ ಬೆರಳ ಗೆರೆಗಳೆಲ್ಲ ಯಾವತ್ತೋ ಅಳಿಸಿಹೋಗಿದ್ದವು. ಯಂತ್ರಕ್ಕೆ ಅಲ್ಲಿ ಮನುಷ್ಯರು ಯಾರೂ ಕಾಣಲಿಲ್ಲ.

ಅವನು ಸಿಟ್ಟಾಗಲಿಲ್ಲ. ಎದ್ದು, ಪ್ಯಾಂಟಿನ ಮಂಡಿ ಸವರಿಕೊಂಡು, ಪರವಾಗಿಲ್ಲ, ನಾಲ್ಕು ಗಂಟೆಗೆ ಬರುತ್ತೇನೆ, ಅಮ್ಮನವರೂ ಅಷ್ಟು ಹೊತ್ತಿಗೆ ಬರುತ್ತಾರಂತೆ, ಇವರ ಪರವಾಗಿ ಅವರೇ ಸಹಿ ಮಾಡಬಹುದು ಎಂದ. ನೀರು ಕುಡಿಯದೆ ಹೋದ.

ಗಡಿಯಾರದಲ್ಲಿ ಮೂರೂ ಹತ್ತು. ನಾಲ್ಕು ತಿಂಗಳಿಂದ ಏಳನೆಯದನ್ನು ಒಂದೇ ಬಾಯಲ್ಲಿ ಕೂಡಿಹಾಕಿದ್ದು ಯಾರು? ಅವನಿಗೆ ಬೇಕಾದಂತೆ ಕಾಪಾಡಿಕೊಟ್ಟಿದ್ದು ಯಾರು? ಅವನಿಗಿಂತ ಮೊದಲೇ ಈ ಮನೆಯಲ್ಲಿ ಒಬ್ಬಳು ನುಂಗಣ್ಣ ಕುಳಿತಿದ್ದಳು, ಅವಳಿಗೆ ಬಾಗಿಲು ತಟ್ಟುವ ಅಗತ್ಯವೂ ಇರಲಿಲ್ಲ.

"ಅಜ್ಜಿ, ಮೈಕು ಸರಿಹೋಯ್ತು," ಎಂದೆ.

"ಏಳನೇದು ಬೀರುವಿನಲ್ಲಿ ಕೂತು ಹಾಡೋದಲ್ಲ ಪುಟ್ಟಿ. ಅದಕ್ಕೆ ಬಟ್ಟೆ ಬೇಕು, ನೀರು ಬೇಕು. ಆಚೆತುದಿಗೆ ಒಬ್ಬರು ಬೇಕು."

ಏಳನೆಯದು ಸತ್ತವರ ಹಾಸುಬಟ್ಟೆ ಹಿಂಡುವ ಹಾಡು. ದಿನದ ಕೆಲಸವೆಲ್ಲ ಮುಗಿದ ಮೇಲೆ ಅವನ್ನು ಕೊನೆಗೆ ಹಿಂಡುತ್ತಿದ್ದರಂತೆ. ಅಜ್ಜಿ ಅದನ್ನು ನನಗೆ ಒಮ್ಮೆಯೂ ಕೇಳಿಸಿರಲಿಲ್ಲ.

ಅಜ್ಜಿಯ ಮಂಚದ ಹಾಸುಬಟ್ಟೆಯನ್ನೇ ಎಳೆದು ಬಚ್ಚಲಿನ ಬಕೆಟ್ಟಿಗೆ ಹಾಕಿದೆ. ಮೈಕನ್ನು ಟವೆಲ್ಲಿನ ಗೂಟಕ್ಕೆ ಕಟ್ಟಿದೆ. ಬಚ್ಚಲಿನ ಟೈಲ್ಸಿಗೆ ದನಿ ಹೊಡೆದು ಗುಂಯ್‌ಗುಡುತ್ತದೆ. ಬೇರೆ ದಿನವಾಗಿದ್ದರೆ ಅಲ್ಲಿ ರೆಕಾರ್ಡು ಮಾಡುವವರನ್ನು ನಾನೇ ಬೈಯುತ್ತಿದ್ದೆ. ಅಜ್ಜಿ ಸೆರಗು ಸಿಕ್ಕಿಸಿ ಈ ತುದಿ ಹಿಡಿದಳು. ನಾನು ಆ ತುದಿ. ಅವಳ ಬೆನ್ನು ನೆಟ್ಟಗಾಯಿತು. ಅವಳು ಹಾಡಿದಳು.

ಬೆವರು ಬಿಡು, ಬಿಸಿಯ ಬಿಡು.

ತಿರುಚಿದಳು. ಬಟ್ಟೆ ನನ್ನ ಕೈಯಲ್ಲಿ ಜೀವ ಬಂದ ಹಾಗೆ ಒದ್ದಾಡಿತು. ಆಮೇಲೆ ಮೌನ, ನನ್ನ ಪಾಲಿನದು. ನಾನು ತಿರುಚಿದೆ. ನೀರು ತೊಟ್ಟಿಕ್ಕಿತು. ಉತ್ತರ ನಾಲಗೆಯ ತುದಿಯಲ್ಲಿತ್ತು. ಹಾಡಿದರೆ ಅದು ರೆಕಾರ್ಡಿನ ಆ ಜಾಗದಲ್ಲೇ ಅಂಟಿ ಕೂರುತ್ತದೆ, ಇನ್ನು ಬರುವವರಿಗೆ ನಿಲ್ಲಲು ಜಾಗವಿರುವುದಿಲ್ಲ. ತುಟಿ ಕಚ್ಚಿಕೊಂಡೆ.

ಮಲಗಿದವರ ಮೈಯ ಬಿಡು.

ಮೌನ. ನೀರು. ಅಜ್ಜಿಯ ದನಿ ಚಿಕ್ಕದಾಗುತ್ತಿತ್ತು, ಆದರೆ ಅವಳ ಹಿಡಿತ ಬಿಗಿಯಾಗುತ್ತಲೇ ಇತ್ತು, ಅತ್ತಲಿಂದ ಅವಳೊಬ್ಬಳೇ ಎಳೆಯುತ್ತಿರಲಿಲ್ಲವೇನೋ ಅನ್ನುವಷ್ಟು. ಕೊನೆಯ ಸಾಲು ಬಂತು.

ಅವರ ಹೆಸರ ಬಿಡು, ನಿನ್ನ ಹೆಸರ ಬಿಡು, ಬೆಳ್ಳಗಾಗು.

ಅದರ ಮುಂದೆ ಒಂದು ಉದ್ದನೆಯ ಮೌನ. ನನ್ನನ್ನಾದರೂ ಬಿಡಬೇಡ ಅಜ್ಜಿ ಎಂಬ ಮಾತು ಬಾಯಿಗೆ ಬಂತು. ನಾನು ಬಾಯಿ ತೆರೆಯಲಿಲ್ಲ. ಬಟ್ಟೆಯಿಂದ ಕೊನೆಯ ಹನಿ ಬಿತ್ತು.

ಅಜ್ಜಿ ತನ್ನ ತುದಿಯನ್ನು ನನ್ನ ತುದಿಗೆ ತಂದು ಜೋಡಿಸಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಆಮೇಲೆ ನನ್ನ ಅಂಗೈ ತಿರುಗಿಸಿ ನೋಡಿ, ಮೆಚ್ಚಿಗೆಯಿಂದ ತಲೆದೂಗಿದಳು.

"ಕೆಲಸಕ್ಕೆ ಹೊಸಬರೇನಮ್ಮ ನೀವು? ಹಿಡಿತ ಚೆನ್ನಾಗಿದೆ."

ಹೌದು ಎಂದೆ. ಇವತ್ತೇ ಸೇರಿದ್ದು ಎಂದೆ. ಮೇಸ್ತ್ರಿಯ ಮುಂದೆ ಜಾಸ್ತಿ ನಗಬೇಡಿ ಅಂತ ಬುದ್ಧಿ ಹೇಳಿ, ಬಿಸಿಲು ಬೀಳುವ ಕಿಟಕಿಯ ಹತ್ತಿರ ಹೋಗಿ ಕುಳಿತಳು.

ಒದ್ದೆ ಕೈಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತೆ. ಮೂರೂ ಐವತ್ತು. ಏನನ್ನೂ ಕತ್ತರಿಸಲಿಲ್ಲ. ತೊಟ್ಟಿಕ್ಕುವ ನೀರು, ಟೈಲ್ಸಿನ ಗುಂಯ್, ನನ್ನ ಉಸಿರು, ಎಲ್ಲ ಇದ್ದ ಹಾಗೆ. ಕೆಳಗೆ ಎಂದಿನ ಆ ಸಾಲು ಬರೆದೆ. ಇನ್ನೊಂದು ಸೇರಿಸಿದೆ: ಆ ತುದಿ ಖಾಲಿಯಿದೆ, ಹಿಡಿದುಕೊಳ್ಳಿ.

ಅಪ್‌ಲೋಡಿನ ನೀಲಿ ಗೆರೆ ಆಮೆಯಂತೆ ತೆವಳಿತು. ಅರ್ಧ. ಮುಕ್ಕಾಲು. ಮೆಟ್ಟಿಲಿನ ಮೇಲೆ ಅಮ್ಮನ ಹೆಜ್ಜೆ, ಅದರ ಹಿಂದೆ ಇನ್ನೊಂದು ಹೆಜ್ಜೆ. ಬಾಗಿಲು ತಟ್ಟಿದ ಸದ್ದು. ಬೂಟು ಬಿಚ್ಚಿ ಜೋಡಿಸಿಡುವ ಸದ್ದು.

"ಬರಬಹುದಾ?"

ಗೆರೆ ತುಂಬಿತು. ಏಳನೆಯದೂ ಹೋಯಿತು.