ಸುಂಕದ ಮನೆಯ ಪಕ್ಕದ ಓಣಿ

ಗೆರೆರಾಯರಿಗೆ ಆ ಕಡಲೂರಿನ ಪ್ರತಿ ಬೀದಿಯ ಅಗಲ ಗೊತ್ತು. ದೀಪಸ್ತಂಭದಿಂದ ಹಳೆಯ ಗವರ್ನರನ ಬಂಗಲೆಗೆ ಎಷ್ಟು ಗಜ, ಮೀನುಪೇಟೆಗೆ ಇಳಿಯಲು ಎಷ್ಟು ಮೆಟ್ಟಿಲು, ಸಿಪಾಯಿಗಳ ಸ್ಮಶಾನದ ಗೇಟು ಯಾವ ದಿಕ್ಕಿಗೆ, ಎಲ್ಲ ಬಾಯಿಪಾಠ. ಹೊರಗಿನವರು ಹಡಗಿನಲ್ಲಿ ಬಂದು ಕಟ್ಟಿ, ಇನ್ನೂರು ವರ್ಷ ಆಳಿ, ಒಂದು ದಿನ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದ ಊರು ಅದು. ಅದರ ಬಗ್ಗೆ ಮಾತು ತೆಗೆದರೆ ಗೆರೆರಾಯರನ್ನು ನಿಲ್ಲಿಸುವುದು ಕಷ್ಟ. ಒಂದೇ ಒಂದು ಕೊರತೆ ಎಂದರೆ, ಅವರು ಆ ಊರಿಗೆ ಕಾಲಿಟ್ಟವರೇ ಅಲ್ಲ.

ಮೋಜಣಿ ಕಚೇರಿಯ ನಕ್ಷೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಗೆರೆ ಎಳೆದು ನಿವೃತ್ತರಾದವರು ಅವರು. ಹೆಸರು ಇಟ್ಟದ್ದು ಕಚೇರಿಯವರು. ಕೈ ನಡುಗದ ಮನುಷ್ಯ ಎಂಬ ಮೆಚ್ಚುಗೆಯೂ ಅದರಲ್ಲಿತ್ತು, ಊಟದ ಡಬ್ಬಿಯನ್ನೂ ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ ಇಡುತ್ತಾರೆ ಎಂಬ ಕುಚೋದ್ಯವೂ ಇತ್ತು. ಅವರ ಹೆಂಡತಿ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸಿದವರು. ಬೀದಿಗೆಲ್ಲ ಅವರು ಟೀಚರಮ್ಮ.

ಸೋಮವಾರ ಕಣ್ಣಾಸ್ಪತ್ರೆಯಿಂದ ಬಂದ ಟೀಚರಮ್ಮ ಚಪ್ಪಲಿ ಕಳಚುತ್ತಲೇ ಹೇಳಿದರು. "ಈ ಶನಿವಾರ ಹೋಗೋಣ. ಶನಿವಾರ, ಭಾನುವಾರ, ಎರಡೇ ದಿನ."

"ಎಲ್ಲಿಗೆ?" ಎಂದರು ಗೆರೆರಾಯರು, ಗೊತ್ತಿದ್ದೂ.

"ಇನ್ನೆಲ್ಲಿಗೆ? ನಿಮ್ಮೂರಿಗೆ."

ಗೆರೆರಾಯರು ಕೆಮ್ಮಿದರು. ಮೂವತ್ತೊಂದು ವರ್ಷದಿಂದ ಈ ಮಾತು ಬಂದಾಗಲೆಲ್ಲ ಅವರಿಗೆ ಕೆಮ್ಮು ಬರುತ್ತಿತ್ತು. ಒಂದು ವರ್ಷ ಕಚೇರಿಯಲ್ಲಿ ತನಿಖೆ, ಇನ್ನೊಂದು ವರ್ಷ ನಾದಿನಿಯ ಬಾಣಂತನ, ಮತ್ತೊಂದು ವರ್ಷ ಬಸ್ಸಿನವರ ಮುಷ್ಕರ. ನೆಪ ಹುಡುಕುವುದರಲ್ಲಿ ಅವರು ಎತ್ತಿದ ಕೈ. ಬಾಯಿ ತೆರೆದರು, ಆದರೆ ಟೀಚರಮ್ಮ ಬಿಡಲಿಲ್ಲ.

"ಡಾಕ್ಟ್ರು ಇವತ್ತು ಸುತ್ತಿ ಬಳಸಿ ಮಾತಾಡ್ಲಿಲ್ಲ. ಪಕ್ಕದ ನೋಟ ಆಗಲೇ ಹೋಗಿದೆಯಂತೆ. ಉಳಿದಿರೋದು ಕೊಳವೆ ಒಳಗಿಂದ ನೋಡಿದ ಹಾಗೆ, ಇಷ್ಟಗಲ." ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸಿದರು. "ಅದನ್ನೂ ಎಷ್ಟು ದಿನ ಹಿಡಿದಿಡೋಕಾಗುತ್ತೋ ಗೊತ್ತಿಲ್ಲ ಅಂದ್ರು. ಹೋಗಿದ್ದು ಮಾತ್ರ ವಾಪಸ್ ಬರಲ್ವಂತೆ. ಅದಕ್ಕೇ ಈ ಶನಿವಾರ. ಬಸ್ಸಿಗೆ ಹೇಳಿಬಿಟ್ಟು ಬಂದಿದೀನಿ. ಸಮುದ್ರ ನೋಡ್ಬೇಕು, ಆ ಓಣಿಯಲ್ಲಿ ನಡೀಬೇಕು. ಅಷ್ಟೇ ನಂದು."

ಆ ಓಣಿ. ಗೆರೆರಾಯರ ಮೂವತ್ತೊಂದು ವರ್ಷದ ಕೆಮ್ಮಿಗೆಲ್ಲ ಕಾರಣ ಅದೇ.

ಮದುವೆ ಗೊತ್ತಾಗಿ ನಡೆಯುವವರೆಗೆ ಎಂಟು ತಿಂಗಳ ಅಂತರವಿತ್ತು. ಆಗ ಅವರ ಮೇಜಿನ ಮೇಲಿದ್ದದ್ದು ಆ ಊರಿನ ನಕ್ಷೆ. ಹೊರಗಿನವರು ಬಿಟ್ಟುಹೋದ ಹಳೆಯ ಹಾಳೆಯ ಮೇಲೆ ತೆಳು ಕಾಗದ ಹಾಸಿ, ಕೆಳಗಿನ ಗೆರೆಗಳನ್ನು ಹೊಸದಾಗಿ ಎಳೆಯುವ ಕೆಲಸ. ಹಗಲೆಲ್ಲ ಆ ಬೀದಿಗಳಲ್ಲಿ ಪೆನ್ನು ಓಡಿಸಿ, ಸಂಜೆ ಮದುವೆಯಾಗಲಿರುವ ಹುಡುಗಿಗೆ ತಾನೇ ಅಲ್ಲಿ ಓಡಾಡಿ ಬಂದವನ ಹಾಗೆ ಕಾಗದ ಬರೆಯುತ್ತಿದ್ದರು. ಅದರಲ್ಲೊಂದು ಕಾಗದದಲ್ಲಿ ಓಣಿ ಬಂತು. 'ಸುಂಕದ ಮನೆಯ ಪಕ್ಕದಿಂದ ನೇರ ಸಮುದ್ರಕ್ಕೆ ಇಳಿಯುತ್ತದೆ. ಇಬ್ಬರು ಜೊತೆಯಾಗಿ ನಡೆದರೆ ಭುಜಕ್ಕೆ ಭುಜ ತಾಗುವಷ್ಟು ಕಿರಿದು. ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.' ಹುಡುಗಿ ಆ ಕಾಗದ ಓದಿ ಎರಡು ದಿನ ನೆಟ್ಟಗೆ ಹೊಲಿಗೆ ಹಾಕಲಾರದೆ ಹೋದಳಂತೆ.

ಮದುವೆಯಾದ ನಾಲ್ಕನೇ ತಿಂಗಳು ಅಳತೆಗೆ ಹೋದ ಸಿಬ್ಬಂದಿಯಿಂದ ಕಚೇರಿಗೆ ಒಂದು ಚೀಟಿ ಬಂತು. 'ಸುಂಕದ ಮನೆಯ ಪಕ್ಕ ತೋರಿಸಿರುವ ಓಣಿ ಸ್ಥಳದಲ್ಲಿ ಇಲ್ಲ. ಗೋದಾಮಿನ ಗೋಡೆ ಇದೆ.' ಗೆರೆರಾಯರು ಹಳೆಯ ಹಾಳೆಯನ್ನು ಬೆಳಕಿನ ಮೇಜಿನ ಮೇಲೆ ಹರಡಿ ಕೆಳಗಿನ ದೀಪ ಹಾಕಿದರು. ಓಣಿ ಎಂದು ತಾವು ಎಳೆದದ್ದು ಹಾಳೆಯ ಮಡಿಕೆಯನ್ನು. ಯಾರೋ ಪುಣ್ಯಾತ್ಮ ಅದನ್ನು ನಾಲ್ಕು ಮಡಿಕೆ ಮಡಚಿ ವರ್ಷಗಟ್ಟಲೆ ಜೇಬಿನಲ್ಲಿಟ್ಟು ತಿರುಗಿದ್ದ. ಮಡಿಕೆಯ ಎರಡೂ ಅಂಚಿಗೆ ಕೊಳೆ ಕೂತು, ಜೋಡಿ ಗೆರೆಯಾಗಿ, ಅಚ್ಚುಕಟ್ಟಾದ ಓಣಿಯ ಹಾಗೆ ಕಂಡಿತ್ತು. ಮುಂದಿನ ಮುದ್ರಣದಲ್ಲಿ ಅವರೇ ತಿದ್ದಿದರು. ಕಚೇರಿಯ ನಕ್ಷೆಯಿಂದ ಓಣಿ ಹೋಯಿತು, ಮನೆಯಿಂದ ಹೋಗಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಹೇಳುವ ವಯಸ್ಸೇ ದಾಟಿತು. ಹಾಗೆಂದು ಅವರಿಗೆ ಆ ಊರಿನ ಆಸೆ ಇರಲಿಲ್ಲವೆಂದಲ್ಲ. ತಾವೇ ಗೆರೆ ಎಳೆದ ಬೀದಿಗಳಲ್ಲಿ ಒಮ್ಮೆ ನಡೆಯಬೇಕೆಂದು ಅವರ ಜೀವ ಒಳಗೊಳಗೇ ಹಂಬಲಿಸುತ್ತಿತ್ತು.

ಬುಧವಾರ ಟೀಚರಮ್ಮ ಕಡಲೂರಿನ ಒಂದು ತಂಗುಮನೆಗೆ ಫೋನು ಮಾಡಿದರು. ರೂಮು ಸಿಕ್ಕಿತು, ಕಿಟಕಿ ಸಮುದ್ರದ ಕಡೆಗಿದೆ ಎಂದೂ ಗೊತ್ತಾಯಿತು. ಪೇಪರಿನ ಮರೆಯಲ್ಲಿ ಕೂತಿದ್ದ ಗೆರೆರಾಯರು ಮುಂದಿನ ಮಾತು ಕೇಳಿ ಪೇಪರು ಬಿಸಾಡಿ ಎದ್ದರು. "ಅಲ್ಲಮ್ಮಾ, ಸುಂಕದ ಮನೆ ಪಕ್ಕದ ಓಣಿಗೆ ನಿಮ್ಮಲ್ಲಿಂದ ಎಷ್ಟು ದೂರ?"

"ಕೊಡು ಇಲ್ಲಿ, ಬಿಸಿನೀರು ಬರುತ್ತಾ ಕೇಳ್ಬೇಕು," ಎಂದು ಅವರು ಫೋನು ಕಿತ್ತುಕೊಂಡರು.

"ಯಾವ ಓಣಿ ಸ್ವಾಮಿ? ಅಲ್ಲಿ ಗೋಡೆ ಅಲ್ವಾ ಇರೋದು?" ಎನ್ನುತ್ತಿತ್ತು ಆ ಕಡೆಯ ಹೆಣ್ಣುದನಿ.

"ಹೌದು ಹೌದು. ಬಹಳ ಹತ್ತಿರ. ಸಂತೋಷ," ಎಂದು ಗೆರೆರಾಯರು ಫೋನು ಇಟ್ಟರು.

"ಬಿಸಿನೀರು?" ಎಂದರು ಟೀಚರಮ್ಮ.

"ಬರುತ್ತೆ, ಬರುತ್ತೆ."

ಆವತ್ತೇ ಅವರ ತಲೆಗೆ ಆ ಯೋಚನೆ ಬಂದದ್ದು. ಹಳೆಯ ಟಪಾಲು ಕಚೇರಿಯ ಹಿಂದೆ ಒಂದು ಸಂದಿ ಇದೆ, ಅದೂ ಸಮುದ್ರಕ್ಕೇ ಇಳಿಯುತ್ತದೆ. ಕೈಹಿಡಿದು ಅಲ್ಲಿ ನಡೆಸಿ 'ಇದೇ' ಎಂದರೆ ಮುಗಿಯಿತು. ಬೀದಿಯ ಬೋರ್ಡು ಓದುವಷ್ಟು ಕಣ್ಣು ಈಗ ಅವಳಿಗೆಲ್ಲಿದೆ? ಯೋಚನೆ ಬಂದ ಕೂಡಲೇ ಹಗುರವೆನಿಸಿತು. ಹಗುರವೆನಿಸಿದ್ದಕ್ಕೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಆದರೂ ಯೋಚನೆಯನ್ನು ಬಿಡಲಿಲ್ಲ.

ಗುರುವಾರ ಮಧ್ಯಾಹ್ನ ಟೀಚರಮ್ಮ ಅಡುಗೆಮನೆಗೂ ನಡುಮನೆಗೂ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ನಿಂತು ಎರಡೂ ಕಡೆಯ ಗೋಡೆಗಳನ್ನು ಅಂಗೈಯಿಂದ ಮುಟ್ಟಿ ನೋಡುತ್ತಿದ್ದರು.

"ಬನ್ನಿ ಇಲ್ಲಿ. ಓಣಿ ಇಷ್ಟೇ ಅಗಲ ಇರುತ್ತಾ?"

"ಸ್ವಲ್ಪ ಹೆಚ್ಚು ಕಡಿಮೆ," ಎಂದರು ಗೆರೆರಾಯರು.

"ಕಾಗದ ಬರೆದಾಗ ನಾನು ಕಡ್ಡಿ ಹಾಗಿದ್ದೆ. ಈಗ ಹೀಗಾಗಿದೀನಿ. ಹಿಡಿಸ್ತೀವಾ ಇಲ್ವಾ ನೋಡೇಬಿಡೋಣ, ಅಲ್ಲಿ ಹೋಗಿ ಸಿಕ್ಕಿಹಾಕಿಕೊಂಡ್ರೆ ನಗೆಪಾಟಲು."

ಇಬ್ಬರೂ ಜೊತೆಯಾಗಿ ಅಡುಗೆಮನೆಯ ಬಾಗಿಲಿನಿಂದ ನಡುಮನೆಯವರೆಗೆ ನಡೆದರು. ಭುಜಕ್ಕೆ ಭುಜ ತಾಗಿತು. ಟೀಚರಮ್ಮ ಹುಡುಗಿಯ ಹಾಗೆ ಕಿಲಕಿಲ ನಕ್ಕು, "ಹಿಡಿಸ್ತೀವಿ!" ಎಂದರು. ಮತ್ತೊಮ್ಮೆ ನಡೆಯೋಣ ಎಂದರು. ಗೆರೆರಾಯರು ಮತ್ತೊಮ್ಮೆ ನಡೆದರು. ಆ ಎಂಟು ಹೆಜ್ಜೆಯಲ್ಲಿ ಅವರಿಗೆ ತಾಳಲಾಗದಷ್ಟು ಸುಖವೂ ಇತ್ತು, ಸಂಕಟವೂ ಇತ್ತು.

ಶುಕ್ರವಾರ ಚೀಲಗಳೆಲ್ಲ ತುಂಬಿದವು. ಸಂಜೆ ನಾಲ್ಕರ ಹೊತ್ತಿಗೆ ಟೀಚರಮ್ಮ ಒಂದು ದೊಡ್ಡ ಬಿಳಿ ಹಾಳೆ ತಂದು ಗಂಡನ ಮುಂದೆ ಹರಡಿದರು.

"ನನಗೊಂದು ನಕ್ಷೆ ಬರೆದುಕೊಡಿ. ದಪ್ಪ ಗೆರೆಯಲ್ಲಿ, ಭೂತಗನ್ನಡಿ ಹಿಡಿದ್ರೆ ಕಾಣೋ ಹಾಗೆ. ಇವತ್ತು ರಾತ್ರಿಯೇ ನೋಡಿ ಬಾಯಿಪಾಠ ಮಾಡ್ಕೋತೀನಿ. ಆಮೇಲೆ ಕಣ್ಣು ಇರ್ಲಿ, ಹೋಗ್ಲಿ, ಊರು ನನ್ನ ಹತ್ರಾನೇ ಇರುತ್ತೆ."

ಗೆರೆರಾಯರು ಹಳೆಯ ಪೆನ್ನು ತೊಳೆದು ಕಪ್ಪು ಶಾಯಿ ತುಂಬಿಸಿದರು. ಮೊದಲು ಸಮುದ್ರದಂಚು. ಆಮೇಲೆ ದೀಪಸ್ತಂಭ, ಗವರ್ನರನ ಬಂಗಲೆ, ಗಡಿಯಾರದ ವೃತ್ತ, ಮೀನುಪೇಟೆಯ ಮೆಟ್ಟಿಲು. ಕೈ ತಾನಾಗಿ ಓಡುತ್ತಿತ್ತು, ಪೆನ್ನಿನ ಹಿಂದೆಯೇ ಊರು ಎದ್ದು ಬರುತ್ತಿತ್ತು. ಟಪಾಲು ಕಚೇರಿ ಬರೆದರು. ಅದರ ಹಿಂದಿನ ಸಂದಿಗೆ ಎರಡು ಗೆರೆ ಎಳೆದರು. ಅಲ್ಲಿ 'ಸುಂಕದ ಮನೆ' ಎಂದು ಬರೆದುಬಿಟ್ಟರೆ ಸಾಕಿತ್ತು.

ಪೆನ್ನು ನಿಂತಿತು.

ಬಾಯಲ್ಲಿ ಸುಳ್ಳು ಹೇಳುವುದು ಬೇರೆ, ಅದನ್ನು ಅವರು ಮೂವತ್ತೊಂದು ವರ್ಷ ಮಾಡಿದ್ದರು. ಆದರೆ ಕಾಗದದ ಮೇಲೆ ತಿಳಿದೂ ತಿಳಿದೂ ತಪ್ಪು ಗೆರೆ ಎಳೆದವರಲ್ಲ. ಓಣಿಯನ್ನು ಎಳೆದದ್ದು ಸಹ ತಿಳಿಯದೆ. ಸಂದಿಯ ಮೇಲೆ 'ಟಪಾಲು ಕಚೇರಿ ಸಂದಿ' ಎಂದೇ ಬರೆದು, ಸುಂಕದ ಮನೆಯನ್ನು ಅದರ ಜಾಗದಲ್ಲಿ ಇಟ್ಟು, ಪಕ್ಕದಲ್ಲಿ ಏನನ್ನೂ ಬರೆಯದೆ ಹಾಳೆಯನ್ನು ಹೆಂಡತಿಯ ಕಡೆಗೆ ತಿರುಗಿಸಿದರು.

ಟೀಚರಮ್ಮ ಭೂತಗನ್ನಡಿಯನ್ನು ಬೀದಿಯಿಂದ ಬೀದಿಗೆ ಸರಿಸುತ್ತ ಬಂದರು. ಸುಂಕದ ಮನೆಯ ಹತ್ತಿರ ಅದು ನಿಂತಿತು. ಆ ಕಡೆ ಹೋಯಿತು, ಈ ಕಡೆ ಬಂತು.

"ಓಣಿ ಮರೆತ್ರಿ."

"ಮರೀಲಿಲ್ಲ. ಅಲ್ಲಿ ಓಣಿ ಇಲ್ಲ."

"ಕೆಡವಿದ್ರಾ?"

"ಇರಲೇ ಇಲ್ಲ ಕಣೇ. ಹಳೇ ಹಾಳೆಯ ಮಡಿಕೆ ಅದು. ಓಣಿ ಅಂದ್ಕೊಂಡು ಎಳೆದುಬಿಟ್ಟಿದ್ದೆ. ಮದುವೆ ಆದ ವರ್ಷಾನೇ ಗೊತ್ತಾಯ್ತು. ನಿಂಗೆ ಹೇಳೋಕೆ ಮುಖ ಇರ್ಲಿಲ್ಲ. ಅದಕ್ಕೇ ಪ್ರತಿ ಸಲ..." ಅವರಿಗೆ ಕೆಮ್ಮು ಬಂತು. ಈ ಸಲ ನಿಜವಾದ ಕೆಮ್ಮು.

ಟೀಚರಮ್ಮ ಭೂತಗನ್ನಡಿಯನ್ನು ಕೆಳಗಿಟ್ಟರು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸುತ್ತ ಹೋದರು.

"ಮಡಿಕೆ ಗುರುತನ್ನ ಗೆರೆ ಅಂದ್ಕೊಂಡು ನಾನೂ ಬಟ್ಟೆ ಕತ್ತರಿಸಿದೀನಿ," ಎಂದರು ಕೊನೆಗೆ. "ಹೆಡ್ಮಿಸ್ ಕೋಟು. ಅವತ್ತೇ ಹೋಗಿ ಒಪ್ಪಿಕೊಂಡೆ. ಬೈದ್ರು, ಮುಗೀತು. ಒಂದು ದಿನದ ಬೈಗುಳ."

"ನೀನೂ ಬೈದುಬಿಡು."

"ಬೈಯೋದು ಓಣಿಗಲ್ಲ ರೀ." "ಓಣಿ ಇಲ್ಲದಿದ್ರೆ ಗೋಡೆ ನೋಡ್ತಿದ್ದೆ. ನಿಮ್ಮ ಜೊತೆ ನಿಂತು ಗೋಡೆ ನೋಡಿ ನಗ್ತಿದ್ದೆ. ಆಗ ನನಗೆ ಗೋಡೆ ಪೂರ್ತಿ ಕಾಣ್ತಿತ್ತು. ಸಮುದ್ರ ಈ ತುದಿಯಿಂದ ಆ ತುದಿವರೆಗೂ ಕಾಣ್ತಿತ್ತು."

ಇಷ್ಟು ವರ್ಷ ಗೆರೆರಾಯರು ಕಾಪಾಡಿಕೊಂಡು ಬಂದದ್ದು ತಮ್ಮ ಮರ್ಯಾದೆಯನ್ನು. ಅದಕ್ಕೆ ತೆತ್ತದ್ದು ಅವಳ ಕಣ್ಣಿನ ಸಮುದ್ರವನ್ನು. ತಲೆ ತಗ್ಗಿಸಿ ಕೂತರು, ಕನ್ನಡಕದೊಳಗಿಂದ ಹನಿ ಜಾರಿ ಮೀನುಪೇಟೆಯ ಹತ್ತಿರ ಶಾಯಿ ಸ್ವಲ್ಪ ಕಲಸಿಹೋಯಿತು.

ಟೀಚರಮ್ಮ ತಡವಿ ಪೆನ್ನನ್ನು ಹುಡುಕಿ ಗಂಡನ ಕೈಗೆ ಕೊಟ್ಟರು.

"ಗೋಡೆ ಎಷ್ಟು ಉದ್ದ?"

"ಅರವತ್ತು ಅಡಿ."

"ಬರೀರಿ. ದಪ್ಪಗೆ ಬರೀರಿ, ನನಗೆ ಕಾಣಬೇಕು."

ಅವರು ಗೋಡೆ ಎಳೆದರು. ಟೀಚರಮ್ಮ ಭೂತಗನ್ನಡಿ ಹಿಡಿದು ಅದನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದರು. ಒಂದೇ ಸಲಕ್ಕೆ ಕಾಣದ್ದರಿಂದ ಮೂರು ಸಲ ಗಾಜು ಸರಿಸಿ ನೋಡಿದರು. ಆಮೇಲೆ ಎದ್ದು, ಚೀಲದ ಹತ್ತಿರ ಹೋಗಿ, ಇಬ್ಬರ ಕೊಡೆಗಳನ್ನೂ ಒಳಗೆ ತುರುಕಿದರು.

"ಬೆಳಿಗ್ಗೆ ಆರೂವರೆಗೆ ಬಸ್ಸು. ಕಾಗದ ಒಣಗಿದ ಮೇಲೆ ಸುರುಳಿ ಸುತ್ತಿಡಿ," ಎಂದರು. "ಮಡಚಬೇಡಿ."